ಮೂವರು ಹೋಗಿ ಇಬ್ಬರು ಬಂದದ್ದು

ಸುಬ್ಬಯ್ಯ ಶೆಟ್ಟಿಯ ಹೋಟೆಲಿಗೆ ಹಾಲು ಹಾಕುವವರು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಮೂಡುಬಿದಿರೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಆ ಹೋಟೆಲು. ಹಾಲಿನವನು ಚೆಂಬು ಇಳಿಸಿದ ಕೂಡಲೇ ಸುಬ್ಬಯ್ಯ ಬೆರಳದ್ದಿ, ಉಗುರಿನ ಮೇಲೆ ಒಂದು ಹನಿ ನಿಲ್ಲಿಸಿ ನೋಡುತ್ತಿದ್ದ. ಹನಿ ಹರಿದರೆ ಜಗಳ. ಹರಿಯದೆ ನಿಂತರೆ, "ಇವತ್ತು ಯಾಕೆ ಇಷ್ಟು ದಪ್ಪ? ಎಂತ ಕಲಸಿದ್ದೀ?" ಎಂದು ಇನ್ನೊಂದು ಜಗಳ. ಬೆಳುವಾಯಿಯ ಅವನ ಮನೆಗೆ ಬಂದ ನೆಂಟರು "ನಮ್ಮದು ಊಟ ಆಯ್ತು" ಎಂದರೆ, ಯಾರ ಮನೆಯಲ್ಲಿ ಆಯಿತು, ಅಲ್ಲಿಗೆ ಯಾಕೆ ಹೋದರು, ಹೋದದ್ದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನು ಇಡೀ ಮಧ್ಯಾಹ್ನ ಯೋಚಿಸುತ್ತಿದ್ದ.

ಹಾಗೆಂದು ಕೆಟ್ಟವನಲ್ಲ. ಎಲೆಗೆ ಕಡಿಮೆ ಬಡಿಸಿದವನಲ್ಲ, ಲೆಕ್ಕದಲ್ಲಿ ಸುಳ್ಳು ಹೇಳಿದವನಲ್ಲ. ಹುಡುಗನಾಗಿದ್ದಾಗ ತಾಯಿಯ ಪಾಲಿಗೆ ಬರಬೇಕಾಗಿದ್ದ ಗದ್ದೆ ದೊಡ್ಡ ಮಾವನ ನಗುಮುಖದ ಹಿಂದಿನಿಂದಲೇ ಬೇರೆಯವರ ಕೈಗೆ ಜಾರಿದ್ದನ್ನು ಅವನು ಕಂಡಿದ್ದ. ಅಂದಿನಿಂದ ನಗುವವರನ್ನು ನಂಬುವುದು ಬಿಟ್ಟ. ಸುಮ್ಮನಿರುವವರ ಮೇಲೆ ಮಾತ್ರ ಅವನಿಗೆ ಒಂದಿಷ್ಟು ವಿಶ್ವಾಸವಿತ್ತು.

ಅವನಿಗೆ ಇಬ್ಬರು ಗೆಳೆಯರು. ಒಬ್ಬ ಭೋಜ, ತಂಗಿ ಕುಸುಮಳ ಗಂಡ. ಬಂಟ್ವಾಳದಲ್ಲಿ ಬಸ್ಸಿನ ಏಜೆಂಟ್. ಬಸ್ಸಿನ ಬಾಗಿಲಿಗೆ ಕೈ ಬಡಿದು ಊರುಗಳ ಹೆಸರು ಕೂಗಿ ಕೂಗಿ, ಮನೆಯಲ್ಲೂ ಮೆಲ್ಲ ಮಾತಾಡಲು ಬಾರದವನು, ಮಾತಿಗೊಂದು ನಗು. ಇನ್ನೊಬ್ಬ ಪದ್ಮಯ್ಯ, ಬೆಳುವಾಯಿಯವನೇ, ಶಾಲೆಯಲ್ಲಿ ಸುಬ್ಬಯ್ಯನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು. ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ತಾಯಿ ಅಮ್ಮಣ್ಣಿ "ಕೂತುಕೋ" ಎಂದರೆ ಕೂರುವುದು, "ಏಳು" ಎಂದರೆ ಏಳುವುದು, ಇದೇ ಅವನ ಬದುಕು ಎಂದು ಊರಿನವರು ಹೇಳುತ್ತಿದ್ದರು.

ಒಂದು ಭಾನುವಾರ ಮೂವರೂ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾಗ ಪದ್ಮಯ್ಯ ಅಪರೂಪಕ್ಕೆ ತಾನಾಗಿ ಬಾಯಿ ಬಿಟ್ಟ.

"ರಾಮೇಶ್ವರ ಒಂದು ದ್ವೀಪ ಅಂತೆ. ದೇವಸ್ಥಾನ ನೋಡಿ ಬರುವುದು ಎಲ್ಲರೂ ಮಾಡ್ತಾರೆ. ಕಡಲಿನ ಬದಿಯಲ್ಲೇ ನಡೆದು ಇಡೀ ದ್ವೀಪಕ್ಕೆ ಒಂದು ಸುತ್ತು ಬರ್ಲಿಕ್ಕೆ ಆಗ್ತದಂತೆ."

ಭೋಜ ಮೇಜು ಬಡಿದ. "ಹೋಗುವ ಮಾರಾಯ! ನಾನು ತಯಾರು. ಸುಗ್ಗಿ ಕೊಯ್ಲು ಮುಗೀಲಿ, ಹೊರಡುವ."

ಆಮೇಲೆ ಮಾತಾಡಿದ್ದೆಲ್ಲ ಭೋಜನೇ. ಯಾವ ರೈಲು, ಎಷ್ಟು ಅವಲಕ್ಕಿ, ಯಾರು ಪಾತ್ರೆ ಹೊರುವುದು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಹೊರಡುವ ದಿನ ಹತ್ತಿರ ಬರುವಾಗ ಅದು ಭೋಜನ ಯಾತ್ರೆ ಎಂದೇ ಎಲ್ಲರ ಲೆಕ್ಕ. ಮೊದಲು ಸೊಲ್ಲೆತ್ತಿದವನು ಪದ್ಮಯ್ಯ ಎಂಬುದು ಸುಬ್ಬಯ್ಯನಿಗೂ ಮರೆತುಹೋಗಿತ್ತು.

ಸುಬ್ಬಯ್ಯನಿಗೆ ಹೋಗುವ ಮನಸ್ಸಿರಲಿಲ್ಲ. ಹೋಟೆಲನ್ನು ಯಾರ ಕೈಯಲ್ಲಿ ಬಿಡುವುದು? ಆದರೆ ಅಷ್ಟರಲ್ಲಿ ಕುಸುಮ ಬಂಟ್ವಾಳದಿಂದ ಬಸ್ಸು ಹತ್ತಿ ಬಂದಳು. ಅಡಿಗೆಕೋಣೆಯ ಹಿಂದೆ ಅಣ್ಣನನ್ನು ನಿಲ್ಲಿಸಿಕೊಂಡಳು.

"ಅಣ್ಣ, ನೀನೂ ಹೋಗು. ಅವರೊಬ್ಬರನ್ನೇ ಬಿಡಬೇಡ."

"ಯಾಕೆ? ಎಂತ ಆಯ್ತು?"

"ಗೊತ್ತಿಲ್ಲ. ದೀಪಾವಳಿ ಕಳೆದ ಮೇಲೆ ಆಗಾಗ ಮಂಗಳೂರಿಗೆ ಹೋಗ್ತಾರೆ. ಕೇಳಿದ್ರೆ ಬಸ್ಸಿನ ಕೆಲಸ ಅಂತಾರೆ. ಬಸ್ಸಿನವರನ್ನು ಕೇಳಿದ್ರೆ, ಅವತ್ತು ರಜೆ ಹಾಕಿದ್ದ ಅಂತಾರೆ. ಮೊನ್ನೆ ಒಂದು ಗಂಟು ತಂದು ಅಟ್ಟದಲ್ಲಿ ಇಟ್ಟಿದ್ದಾರೆ. ಮುಟ್ಟಬೇಡ ಅಂದಿದ್ದಾರೆ. ರಾಮೇಶ್ವರಕ್ಕೆ ತಕ್ಕೊಂಡು ಹೋಗ್ಲಿಕ್ಕಂತೆ."

"ಭಾರ ಉಂಟಾ?"

"ತುಂಬ ಭಾರ ಉಂಟು."

ಸುಬ್ಬಯ್ಯನಿಗೆ ಅಷ್ಟು ಸಾಕಾಯಿತು. ರಾಮೇಶ್ವರದ ಆಚೆ ಸಿಲೋನು. ಈ ಕಡೆಯ ಎಷ್ಟೋ ಮಂದಿ ಕೊಲಂಬೋದ ಹೋಟೆಲುಗಳಲ್ಲಿ ಕೆಲಸಕ್ಕಿದ್ದ ಕಾಲ ಅದು. ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದವರ ಕಥೆಗಳು ಪ್ರತಿ ಊರಿನಲ್ಲೂ ಇದ್ದವು. ಭೋಜ–ಕುಸುಮರಿಗೆ ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಕಳ್ಳದೋಣಿಯಲ್ಲಿ ಬಂಗಾರ ಸಾಗಿಸುವವರ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತಿತ್ತು. ಸುಬ್ಬಯ್ಯ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ.

"ನೀನು ಮನೆಗೆ ಹೋಗು. ನಾನು ನೋಡಿಕೊಳ್ತೇನೆ" ಎಂದ.

ಅದು ೧೯೫೫ನೆಯ ಇಸವಿ. ನಮ್ಮ ಜಿಲ್ಲೆಯೂ ರಾಮೇಶ್ವರವೂ ಒಂದೇ ಮದ್ರಾಸು ರಾಜ್ಯದಲ್ಲಿದ್ದವು. ಮಂಗಳೂರಿನಲ್ಲಿ ರೈಲು ಹತ್ತಿ, ನಡುವೆ ಇಳಿದು ಬೇರೆ ರೈಲು ಹಿಡಿದು, ಕಡಲಿನ ಮೇಲಿನ ಉದ್ದ ಸೇತುವೆ ದಾಟಿ ಮೂವರೂ ಪಾಂಬನ್‌ನಲ್ಲಿ ಇಳಿದರು. ಅಲ್ಲಿಂದ ಬಡಗಣ ಕಡಲತೀರ ಹಿಡಿದು ಮೂಡಣಕ್ಕೆ ನಡೆಯುವುದು, ರಾಮೇಶ್ವರ ಮುಟ್ಟಿ, ಮತ್ತೆ ಧನುಷ್ಕೋಟಿಯ ತುದಿಗೆ ಹೋಗಿ, ತೆಂಕಣ ತೀರದಿಂದ ವಾಪಸು ಬರುವುದು ಎಂದು ಮಾತಾಗಿತ್ತು.

ಅವರು ಕಂಡಿದ್ದ ಕಡಲಿಗೂ ಆ ಕಡಲಿಗೂ ಹೋಲಿಕೆಯೇ ಇರಲಿಲ್ಲ. ಮಂಗಳೂರಿನ ಅಬ್ಬರವಿಲ್ಲ; ಕೆರೆಯ ಹಾಗೆ ತಣ್ಣಗೆ ಮಲಗಿದ ನೀರು. ದಡದಲ್ಲಿ ತಾಳೆಮರ, ಕೊಡೆಯ ಹಾಗೆ ಅಗಲವಾಗಿ ಹರಡಿದ ಮುಳ್ಳಿನ ಮರ, ಬಿಸಿಲಿಗೆ ಒಣಹಾಕಿದ ಮೀನು, ರಾಶಿ ಹಾಕಿದ ಶಂಖ. ಮರಳು ಕಾಲನ್ನು ಎಳೆಯುತ್ತಿತ್ತು. ನಡೆದು ಸಾಕಾದಲ್ಲಿ ಕೂತು, ಮೂರು ಕಲ್ಲು ಹೂಡಿ ಕುಚ್ಚಲಕ್ಕಿ ಗಂಜಿ ಬೇಯಿಸುತ್ತಿದ್ದರು. ಮೀನುಗಾರರ ತಾಳೆಗರಿಯ ಗುಡಿಸಲುಗಳ ಬದಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು.

ಭೋಜನ ಹೆಗಲಿನಲ್ಲಿ ಆ ಗಂಟು. ಹೊರಗೆ ಗೋಣಿ, ಒಳಗೆ ಕೆಂಪು ಬಟ್ಟೆ. ಅವನು ನಡೆಯುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದ.

"ಕೊಡು ಭಾವ, ನಾನು ಸ್ವಲ್ಪ ಹೊರ್ತೇನೆ" ಎಂದ ಸುಬ್ಬಯ್ಯ.

"ಬೇಡ, ಬೇಡ. ಅದು ನಾನೇ ಹೊರಬೇಕು."

"ಎಂತ ಉಂಟು ಅದರಲ್ಲಿ?"

ಭೋಜ ನಕ್ಕ. "ಎಂತದ್ದೋ ಉಂಟು ಮಾರಾಯ. ನೀನು ನಡಿ."

ಮಲಗುವಾಗ ಅವನು ಗಂಟನ್ನು ತಲೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಬಸ್ಸಿನಲ್ಲಿ ಸಿಕ್ಕಿದವರಿಂದ ಕಲಿತ ಹರಕು ತಮಿಳಿನಲ್ಲಿ, ದೋಣಿ ಕಂಡಲ್ಲೆಲ್ಲ ನಿಂತು ಏನೋ ವಿಚಾರಿಸುತ್ತಿದ್ದ. ಒಮ್ಮೆ ಸುಬ್ಬಯ್ಯ ಹತ್ತಿರ ಬಂದಾಗ ಮಾತು ನಿಂತಿತು. ಇನ್ನೊಮ್ಮೆ "ಧನುಷ್ಕೋಟಿ" ಎಂಬ ಶಬ್ದ ಕಿವಿಗೆ ಬಿತ್ತು. ದೋಣಿಯವನು ತೆಂಕಮೂಡಲಿಗೆ ಕೈ ತೋರಿಸುತ್ತಿದ್ದ. ಸುಬ್ಬಯ್ಯ ಕಾಲಿನ ಮುಳ್ಳು ತೆಗೆಯುವವನ ಹಾಗೆ ಕೂತು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡ.

ಪದ್ಮಯ್ಯನ ಗೊಡವೆಯೇ ಇರಲಿಲ್ಲ. ಅವನು ಮೀನುಗಾರರ ಜೊತೆ ಕೂತು ಬಲೆಯ ಹರಿದ ಕಣ್ಣಿಗೆ ಗಂಟು ಹಾಕುವುದನ್ನು ಕಲಿಯುತ್ತಿದ್ದ. ಯಾವ ಮೀನಿಗೆ ತಮಿಳಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಬಾಯಿಪಾಠ ಮಾಡುತ್ತಿದ್ದ. ದಾರಿಯಲ್ಲಿ ಒಣಮೀನು ಮಾರುತ್ತಿದ್ದ ಒಬ್ಬಳು ಮುದುಕಿಗೆ ತನ್ನ ಕೊಡೆಯನ್ನು ಕೊಟ್ಟುಬಿಟ್ಟ.

"ಹುಚ್ಚು ಮಾರಾಯ ನಿನಗೆ! ನಾಳೆ ಬಿಸಿಲಿಗೆ ಎಂತ ಮಾಡ್ತಿ?" ಎಂದು ಸುಬ್ಬಯ್ಯ ಬೈದ.

"ನನಗೆ ಬೇಡ. ಹೊರುವುದೇ ಕಷ್ಟ ಆಗ್ತದೆ" ಎಂದ ಪದ್ಮಯ್ಯ.

ಮೂವರಲ್ಲಿ ಕಣ್ಣಿಡಬೇಕಾಗಿಲ್ಲದ ಒಬ್ಬನಾದರೂ ಇದ್ದಾನಲ್ಲ ಎಂದು ಸುಬ್ಬಯ್ಯನಿಗೆ ಸಮಾಧಾನವಾಯಿತು.

ರಾಮೇಶ್ವರ ತಲುಪಿ, ದೇವರ ದರ್ಶನ ಮಾಡಿ, ಛತ್ರದಲ್ಲಿ ಉಂಡರು. ಸುಬ್ಬಯ್ಯ ಒಂದು ಕೊನೆಯ ಪರೀಕ್ಷೆ ಮಾಡಿದ.

"ಭಾವ, ಗಂಟಿನಲ್ಲಿ ಹರಕೆ ಎಂತಾದ್ರೂ ಇದ್ದರೆ ಇಲ್ಲೇ ಒಪ್ಪಿಸು. ದೇವಸ್ಥಾನಕ್ಕೆ ಬಂದಾಯ್ತಲ್ಲ?"

ಭೋಜನ ಮುಖದಲ್ಲಿ ನಗು ಇರಲಿಲ್ಲ. "ಈಗ ಅಲ್ಲ. ಧನುಷ್ಕೋಟಿಗೆ ಹೋಗಿ ಆದ ಮೇಲೆ" ಎಂದ.

ಧನುಷ್ಕೋಟಿ ಎಂದರೆ ಸಿಲೋನಿಗೆ ಹಡಗು ಹೊರಡುವ ಜಾಗ. ದೇವರ ಎದುರು ಬಿಚ್ಚಬಾರದ ಗಂಟನ್ನು ಅಲ್ಲಿ ಹೋಗಿ ಬಿಚ್ಚುತ್ತಾನೆಂದರೆ ಅರ್ಥವೇನು? ಸುಬ್ಬಯ್ಯನ ಎದೆ ಕಲ್ಲಾಯಿತು. ತಂಗಿಯ ಮುಖ ಕಣ್ಣ ಮುಂದೆ ಬಂತು.

ಅಲ್ಲಿಂದ ಮುಂದೆ ನೆಲವೆಂಬುದು ನಾಲಗೆಯ ಹಾಗೆ ಸಪೂರವಾಗುತ್ತ ಹೋಗುತ್ತದೆ. ಎಡಕ್ಕೆ ಒಂದು ಕಡಲು, ಬಲಕ್ಕೆ ಒಂದು ಕಡಲು. ಎಡದ್ದು ಸೌಮ್ಯ, ಬಲದ್ದು ಕೋಪಿಷ್ಠ. ಗಾಳಿಗೆ ಮರಳು ಹಾರಿ ಕಣ್ಣು ಬಿಡಲಾಗುತ್ತಿರಲಿಲ್ಲ. ಸುಬ್ಬಯ್ಯ ಹಿಂದೆ ಉಳಿದು, ಭೋಜನ ಬೆನ್ನನ್ನೇ ನೋಡುತ್ತ ನಡೆದ. ಪದ್ಮಯ್ಯ ಎಲ್ಲರಿಗಿಂತ ಮುಂದೆ ಇದ್ದ.

ಧನುಷ್ಕೋಟಿ ಅಂದಿನ ಕಾಲಕ್ಕೆ ಗದ್ದಲದ ಊರು. ರೈಲು ನಿಲ್ದಾಣ, ಹಡಗುಕಟ್ಟೆ, ಸುಂಕದ ಕಚೇರಿ, ಚಾದ ಅಂಗಡಿಗಳು, ಟ್ರಂಕಿನ ಮೇಲೆ ಕೂತು ಕಾಯುವ ಸಂಸಾರಗಳು. ಕಡಲತೀರದ ಒಂದು ಗುಡಿಸಲಿನಲ್ಲಿ ತಂಗಲು ಜಾಗ ಸಿಕ್ಕಿತು. ಸಂಜೆ "ವೀಳ್ಯ ತಕ್ಕೊಂಡು ಬರ್ತೇನೆ" ಎಂದು ಹೊರಟ ಸುಬ್ಬಯ್ಯ ನೇರ ಪೊಲೀಸರ ಚೌಕಿಗೆ ಹೋದ.

ಅಲ್ಲಿದ್ದ ಸಬ್‌ಇನ್ಸ್‌ಪೆಕ್ಟರು ಹಿಂದೆ ಪುತ್ತೂರಿನಲ್ಲಿ ಕೆಲಸ ಮಾಡಿದವರು. ಮುರುಕು ಕನ್ನಡ ಬರುತ್ತಿತ್ತು. ಸುಬ್ಬಯ್ಯ ಹೇಳಿದ್ದನ್ನೆಲ್ಲ ಕೇಳಿ, ಅವನನ್ನೇ ಮೇಲಿನಿಂದ ಕೆಳಗೆ ನೋಡಿದರು.

"ಆ ಮನುಷ್ಯ ನಿಮಗೆ ಏನು ಆಗಬೇಕು?"

"ತಂಗಿಯ ಗಂಡ, ಸ್ವಾಮಿ."

"ಸ್ವಂತ ತಂಗಿ?"

"ಹೌದು. ಅದಕ್ಕೇ ಹೇಳ್ತಾ ಇದ್ದೇನೆ. ಅವನು ಆಚೆ ಹೋಗದ ಹಾಗೆ ಆದರೆ ಸಾಕು."

"ಮೂರನೇ ಆಳು ಹೇಗೆ?"

"ಪದ್ಮಯ್ಯನಾ? ಅವನ ಬಗ್ಗೆ ನಾನು ಜವಾಬ್ದಾರಿ. ಅಮ್ಮನನ್ನು ಕೇಳದೆ ನೀರು ಕುಡಿಯುವವನಲ್ಲ ಅವ."

ಮರುದಿನ ಬೆಳಗ್ಗೆ ಸೇತು ಸ್ನಾನಕ್ಕೆಂದು, ಅಂದರೆ ರಾಮ ಸೇತುವೆ ಕಟ್ಟಿದ ಜಾಗದಲ್ಲಿ ಮುಳುಗಲು, ಮೂವರೂ ನೀರಿನ ಬದಿಗೆ ಹೋದರು. ಪದ್ಮಯ್ಯ ಪಂಚೆ, ಅಂಗಿ ಬಿಚ್ಚಿ, ಟವಲು ಸುತ್ತಿಕೊಂಡು ನೀರಿಗೆ ಇಳಿದ. ಭೋಜ ಗಂಟನ್ನು ಪಕ್ಕದಲ್ಲಿಟ್ಟು ಅಂಗಿಯ ಗುಂಡಿ ಬಿಚ್ಚುವಷ್ಟರಲ್ಲಿ ಸಬ್‌ಇನ್ಸ್‌ಪೆಕ್ಟರೂ ಇಬ್ಬರು ಪೇದೆಗಳೂ ಬಂದು ನಿಂತರು. ಯಾತ್ರಿಕರು ಸುತ್ತ ನೆರೆದರು. ಒಬ್ಬ ಪೇದೆ ಗಂಟಿಗೆ ಕೈಹಾಕಿದಾಗ ಭೋಜ ಅದರ ಮೇಲೆ ಕವುಚಿ ಬಿದ್ದ.

"ಅದನ್ನು ಮುಟ್ಟಬೇಡಿ! ಸ್ನಾನ ಆಗದೆ ಯಾರೂ ಮುಟ್ಟಬಾರದು!"

ಅವನನ್ನು ಎಳೆದು ನಿಲ್ಲಿಸಿದರು. ಗೋಣಿ ಬಿಚ್ಚಿದರು. ಕೆಂಪು ಬಟ್ಟೆ ಬಿಚ್ಚಿದರು. ಒಳಗೆ ಒಂದು ನಾಗನ ಕಲ್ಲು. ಕರಿಯ ಶಿಲೆ, ಹೆಡೆಯೆತ್ತಿದ ಎರಡು ಹಾವುಗಳು, ಹೊಸ ಉಳಿಯ ಗುರುತು ಇನ್ನೂ ಮಾಸಿರಲಿಲ್ಲ.

ಸಬ್‌ಇನ್ಸ್‌ಪೆಕ್ಟರಿಗೆ ವಿವರಣೆ ಬೇಕಾಗಲಿಲ್ಲ. ಮಕ್ಕಳಿಲ್ಲದವರು ರಾಮೇಶ್ವರದಲ್ಲಿ ನಾಗನನ್ನು ಪ್ರತಿಷ್ಠೆ ಮಾಡುವುದು ಅವರು ದಿನವೂ ನೋಡುವುದೇ. ಪೇದೆಗೆ ಏನೋ ಗದರಿ, ಕಲ್ಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಸಿದರು. ಆಮೇಲೆ ಸುಬ್ಬಯ್ಯನ ಕಡೆ ಒಮ್ಮೆ ನೋಡಿದರು. ಆ ನೋಟದಿಂದಲೇ ಭೋಜನಿಗೆ ಎಲ್ಲವೂ ತಿಳಿಯಿತು.

"ನೀನು ಹೇಳಿದ್ದಾ?"

ಸುಬ್ಬಯ್ಯ ಬಗ್ಗಿ, ಮರಳಿನ ಮೇಲೆ ಬಿದ್ದ ಗೋಣಿಯನ್ನು ಮಡಚತೊಡಗಿದ.

"ನಾನು ಮಂಗಳೂರಿಗೆ ಹೋಗಿದ್ದು ಡಾಕ್ಟರ ಹತ್ತಿರ" ಎಂದ ಭೋಜ. ಜೀವನದಲ್ಲಿ ಮೊದಲ ಸಲ ಅವನ ಸ್ವರ ಸಣ್ಣದಾಗಿತ್ತು. "ದೋಷ ಕುಸುಮಳದ್ದಲ್ಲ, ನನ್ನದು ಅಂತ ಹೇಳಿದ್ರು. ಊರಿನವರೆಲ್ಲ ಅವಳನ್ನು ಬಂಜೆ ಅಂತಾರೆ. ನಾನು ಅವಳಿಗೆ ಹೇಗೆ ಹೇಳಲಿ? ಹೇಳದೆ ಹರಕೆ ತೀರಿಸಿ ಬರುವ ಅಂತ ಹೊರಟೆ. ಸೇತುವಿನಲ್ಲಿ ಮುಳುಗಿ ಆಮೇಲೆ ಪ್ರತಿಷ್ಠೆ ಆಗಬೇಕು ಅಂತ ಭಟ್ರು ಹೇಳಿದ್ದು. ದೋಣಿಯವರ ಹತ್ತಿರ ಕೇಳ್ತಾ ಇದ್ದದ್ದು ಆ ಸ್ನಾನದ ಜಾಗ ಎಲ್ಲಿ ಅಂತ. ನಿನಗೆ ಕೇಳಬೇಕಿದ್ರೆ ನನ್ನನ್ನು ಕೇಳಬಹುದಿತ್ತು, ಭಾವ."

ಕೇಳಿದ್ದೆನಲ್ಲ ಎನ್ನಲು ಬಾಯಿ ತೆರೆದ ಸುಬ್ಬಯ್ಯ, ಅಷ್ಟರಲ್ಲಿ ಅತ್ತಿತ್ತ ನೋಡಿದ. "ಪದ್ಮಯ್ಯ ಎಲ್ಲಿ?" ಎಂದ.

ಮರಳಿನ ಮೇಲೆ ಪಂಚೆ, ಅಂಗಿ, ಚಪ್ಪಲಿ ಇದ್ದವು. ನೀರಿನಲ್ಲಿ ಮುಳುಗೇಳುವವರಲ್ಲಿ ಪದ್ಮಯ್ಯನಿರಲಿಲ್ಲ. ಕೂಗಿದರು. ದೋಣಿಯವರನ್ನು ಇಳಿಸಿ ಹುಡುಕಿಸಿದರು. ಅಲ್ಲಿ ಸೆಳೆತ ಹೆಚ್ಚು, ಹೋದವರ ಹೆಣ ಎಲ್ಲೋ ದೂರ ಏಳುತ್ತದೆ ಎಂದು ದಡದವರು ಹೇಳಿದರು. ದಿನಗಟ್ಟಲೆ ಕಾದರೂ ಏನೂ ಸಿಗಲಿಲ್ಲ. ಸಬ್‌ಇನ್ಸ್‌ಪೆಕ್ಟರು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳಿದರು. ಸುಬ್ಬಯ್ಯನನ್ನು ಕೇಳುವಾಗ ಅವರ ಮಾತು ಸ್ವಲ್ಪ ಗಡುಸಾಗಿತ್ತು. ಎಲ್ಲರ ಕಣ್ಣನ್ನು ಒಬ್ಬನ ಮೇಲೆ ತಿರುಗಿಸಿದವನು ಇವನೇ ಅಲ್ಲವೇ?

ದ್ವೀಪದ ಸುತ್ತು ಅಲ್ಲಿಗೆ ಮುರಿಯಿತು. ಭೋಜ ರಾಮೇಶ್ವರಕ್ಕೆ ಬಂದು ನಾಗನನ್ನು ಪ್ರತಿಷ್ಠೆ ಮಾಡಿದ. ಸುಬ್ಬಯ್ಯ ದೂರ ನಿಂತಿದ್ದ. ರೈಲಿನಲ್ಲಿ ಭೋಜ ಬೇರೆ ಬೆಂಚಿನಲ್ಲಿ ಕುಳಿತ.

ಬೆಳುವಾಯಿಯಲ್ಲಿ ಅಮ್ಮಣ್ಣಿ ಅಳಲಿಲ್ಲ. ಮಗನ ಪಂಚೆ, ಅಂಗಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಮೂರು ಮಂದಿ ಹೋದದ್ದು. ಎರಡು ಮಂದಿ ಬಂದದ್ದು. ಬಟ್ಟೆಗೆ ಕಡಲಿನ ಉಪ್ಪು ತಾಗಲೇ ಇಲ್ಲ. ಮುಂದಿನ ತಿಂಗಳು ಅವನ ಮದುವೆ ನಿಶ್ಚಯ ಮಾಡಿ ಇಟ್ಟಿದ್ದೆ. ಈಜಲಿಕ್ಕೆ ಬಾರದವ ಆಳಕ್ಕೆ ಯಾಕೆ ಹೋಗ್ತಾನೆ, ಸುಬ್ಬಯ್ಯ?"

"ನಾನು ನೋಡ್ಲಿಲ್ಲ ಅಕ್ಕ."

"ಊರಿನ ನೊಣ ಹಾರಿದ್ರೂ ನೋಡುವವ ನೀನು. ಇದೊಂದು ನೋಡ್ಲಿಲ್ಲವಾ?"

ಈ ಮಾತು ಬೆಳುವಾಯಿಯಿಂದ ಮೂಡುಬಿದಿರೆಗೆ ಸುಬ್ಬಯ್ಯನಿಗಿಂತ ಮೊದಲೇ ತಲುಪಿತು. ಮಿಲ್ಲಿನಲ್ಲಿ ಪದ್ಮಯ್ಯನಿಗೂ ಸುಬ್ಬಯ್ಯನಿಗೂ ಏನೋ ತಕರಾರಿತ್ತಂತೆ ಎಂದು ಯಾರೋ ಹೇಳಿದರು. ಮದುವೆಯಾಗಬೇಕಿದ್ದ ಹುಡುಗಿಯ ಮೇಲೆ ಸುಬ್ಬಯ್ಯನಿಗೆ ಕಣ್ಣಿತ್ತಂತೆ ಎಂದು ಇನ್ನೊಬ್ಬರು. ಆ ಹುಡುಗಿಯನ್ನು ಸುಬ್ಬಯ್ಯ ಕಂಡೇ ಇರಲಿಲ್ಲ. ಹೋಟೆಲಿನ ಬೆಂಚುಗಳು ಖಾಲಿಯಾಗತೊಡಗಿದವು. ಬಸ್ಸಿಗೆ ಕಾಯುವವರು ಮಳೆಯಲ್ಲೂ ಹೊರಗೇ ನಿಂತರು. ಒಳಗೆ ಬಂದವರು ಚಾದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ ಕುಡಿದರು. ಅದನ್ನು ಕಂಡಾಗ ಸುಬ್ಬಯ್ಯನಿಗೆ ಕೋಪ ಬರಲಿಲ್ಲ, ಹಾಲಿನ ಹನಿ ನಿಲ್ಲಿಸಿ ನೋಡುವ ತನ್ನ ಉಗುರು ನೆನಪಾಯಿತು.

ಕಡೆಗೆ ಅಮ್ಮಣ್ಣಿ ಹೇಳಿಕಳಿಸಿದಳು: ಧರ್ಮಸ್ಥಳಕ್ಕೆ ಬಂದು ಆಣೆ ಇಡಬೇಕು. ಸುಬ್ಬಯ್ಯ ಒಪ್ಪಿದ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸುವಾಗ ಬಾಗಿಲ ಬಳಿ ಭೋಜ ನಿಂತದ್ದು ಕಂಡಿತು. ರಾಮೇಶ್ವರದಿಂದ ಬಂದ ಮೇಲೆ ಇಬ್ಬರೂ ಮಾತಾಡಿರಲಿಲ್ಲ. ಭೋಜ ಬಸ್ಸು ಹತ್ತಿ ದೂರದ ಸೀಟಿನಲ್ಲಿ ಕುಳಿತ.

ನೇತ್ರಾವತಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಸುಬ್ಬಯ್ಯ ದೇವರ ಎದುರು ನಿಂತು, ತನ್ನ ಕೈಯಿಂದ ಪದ್ಮಯ್ಯನಿಗೆ ಏನೂ ಆಗಿಲ್ಲ ಎಂದು ಆಣೆ ಇಟ್ಟ. ಹೊರಗೆ ಬಂದಾಗ ಭೋಜ ಅಮ್ಮಣ್ಣಿಯ ಎದುರಿಗೆ ಬಂದು ನಿಂತ. ಅವನೂ ಒದ್ದೆಯಾಗಿದ್ದ.

"ನಾನೂ ಆಣೆ ಇಟ್ಟಿದ್ದೇನೆ ಅಮ್ಮಣ್ಣಿಯಕ್ಕ. ಇವ ಸಂಶಯದ ಪ್ರಾಣಿ. ನನ್ನನ್ನೇ ಪೊಲೀಸರ ಕೈಗೆ ಕೊಟ್ಟವ. ಇವನ ಮನೆಯ ಮೆಟ್ಟಿಲು ನಾನು ಹತ್ತುವುದಿಲ್ಲ. ಆದ್ರೆ ಕೊಲೆ ಮಾಡಿದವ ಅಲ್ಲ."

ಅಷ್ಟು ಹೇಳಿ, ಸುಬ್ಬಯ್ಯನ ಕಡೆ ತಿರುಗದೆ ಹೋದ.

ಆಣೆಯಿಂದ ಕೆಲವು ದಿನ ಜನ ಬಂದರು. ಆಮೇಲೆ ಇನ್ನೊಂದು ಮಾತು ಹುಟ್ಟಿತು: "ಕೈಯಿಂದ ಏನೂ ಆಗಿಲ್ಲ ಅಂದನಲ್ಲ, ಕಾಲಿನಿಂದ ನೂಕಿದ್ರೆ?" ಅಮ್ಮಣ್ಣಿ ಮಗನ ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ, ಮಾಡಿ ಊರಿಗೆ ಊಟ ಹಾಕಿದಳು. ಸುಬ್ಬಯ್ಯನನ್ನು ಕರೆಯಲಿಲ್ಲ. ಕುಸುಮ ಅಣ್ಣನ ಮನೆಗೆ ಹಬ್ಬಕ್ಕೆ ಮಾತ್ರ, ಒಬ್ಬಳೇ ಬಂದು ಹೋಗುತ್ತಿದ್ದಳು. ಭೋಜ ಅವಳಿಗೆ ಡಾಕ್ಟರ ಮಾತನ್ನು ಹೇಳಿಬಿಟ್ಟಿದ್ದ. ಮಕ್ಕಳಾಗಲಿಲ್ಲ. ಆದರೆ "ಬಂಜೆ" ಎಂಬ ಮಾತು ಎಲ್ಲಾದರೂ ಕೇಳಿದರೆ ಭೋಜ ಬಸ್ಸಿನ ಬಾಗಿಲಲ್ಲಿ ನಿಂತು ಇಡೀ ಪೇಟೆಗೆ ಕೇಳುವ ಹಾಗೆ "ದೋಷ ನನ್ನದು!" ಎನ್ನುತ್ತಿದ್ದನಂತೆ.

ವರ್ಷಗಳು ಹೀಗೆ ಹೋದವು. ೧೯೬೪ರ ಡಿಸೆಂಬರಿನಲ್ಲಿ ಚಂಡಮಾರುತ ಬಂದು ಧನುಷ್ಕೋಟಿ ಊರಿಗೆ ಊರೇ ಕೊಚ್ಚಿಹೋಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಸುಬ್ಬಯ್ಯ ಆ ದಿನ ಊಟ ಮಾಡಲಿಲ್ಲ. ಆ ಸಬ್‌ಇನ್ಸ್‌ಪೆಕ್ಟರು, ಗುಡಿಸಲು ಕೊಟ್ಟ ಮೀನುಗಾರರು, ಟ್ರಂಕಿನ ಮೇಲೆ ಕೂತಿದ್ದ ಸಂಸಾರಗಳು ಎಲ್ಲ ಕಣ್ಣಿಗೆ ಬಂದರು. ಹೊರಗೆ ಬೆಂಚಿನಲ್ಲಿ ಯಾರೋ ಹೇಳುತ್ತಿದ್ದದ್ದು ಕೇಳಿಸಿತು: "ಇದ್ದ ಸಾಕ್ಷಿಯೂ ಕಡಲಿಗೆ ಹೋಯ್ತು. ಶೆಟ್ರ ಅದೃಷ್ಟ."

ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಮಂಗಳೂರಿನ ಬಸ್ಸಿನಿಂದ ಇಳಿದ ಒಬ್ಬ ಮನುಷ್ಯ ಹೋಟೆಲಿಗೆ ಬಂದು ಮೂಲೆಯಲ್ಲಿ ಕುಳಿತ. ತಲೆ ಅರ್ಧ ಬೋಳು, ಹೊಟ್ಟೆ ಬಂದಿತ್ತು, ಕಾಲ ಬಳಿ ತಗಡಿನ ಪೆಟ್ಟಿಗೆ.

"ಒಂದು ಚಾ, ಸುಬ್ಬಯ್ಯ" ಎಂದ.

ಸುಬ್ಬಯ್ಯ ಹಣದ ಗಲ್ಲೆಯ ಹಿಂದೆಯೇ ನಿಂತ. ಸ್ವರ ಗುರುತು ಸಿಕ್ಕಿತ್ತು. ಆದರೆ ಅವನ ಮನಸ್ಸು ಅಭ್ಯಾಸದಂತೆ ಮೊದಲು ಬೇರೆ ಕಡೆಗೆ ಓಡಿತು. ಯಾರೋ ವೇಷ ಹಾಕಿಸಿ ಕಳಿಸಿದ್ದಾರೆ. ತನ್ನ ಬಾಯಿಂದ ಏನೋ ಹೊರಡಿಸಲು ಅಮ್ಮಣ್ಣಿ ಮಾಡಿದ ಉಪಾಯ.

"ಯಾರು ನೀವು?"

"ನಾನು ಮಾರಾಯ, ಪದ್ಮಯ್ಯ."

"ಪದ್ಮಯ್ಯ ಸತ್ತಿದ್ದಾನೆ. ನೀನು ಪದ್ಮಯ್ಯ ಅಂತಾದ್ರೆ ಒಂದು ಹೇಳು. ಧನುಷ್ಕೋಟಿಯಲ್ಲಿ ಆ ಸಂಜೆ ನಾನು ವೀಳ್ಯ ತರ್ಲಿಕ್ಕೆ ಅಂತ ಹೇಳಿ ಎಲ್ಲಿಗೆ ಹೋದೆ?"

"ಪೊಲೀಸರ ಹತ್ತಿರ" ಎಂದ ಆತ. "ನಾನು ಹಿಂದೆಯೇ ಇದ್ದೆ. ನನ್ನನ್ನು ದಾಟಿಸಬೇಕಿದ್ದ ದೋಣಿಯವನನ್ನು ನೋಡಿ ಬರ್ತಾ ಇದ್ದೆ. ನೀನು ಚೌಕಿಯೊಳಗೆ ಹೋದದ್ದು ಕಂಡಿತು. ಭೋಜಣ್ಣನ ಗಂಟಿನ ವಿಷಯವೇ ಅಂತ ಗೊತ್ತಾಯ್ತು. ಬೆಳಗ್ಗೆ ಎಲ್ಲರ ಕಣ್ಣು ಅವನ ಮೇಲೆ ಇರ್ತದೆ, ಹೋಗಲಿಕ್ಕೆ ಅದೇ ಹೊತ್ತು ಅಂತ ಎಣಿಸಿದೆ."

ಸುಬ್ಬಯ್ಯ ಗಲ್ಲೆ ಬಿಟ್ಟು ಬಂದು ಅವನ ಎದುರಿನ ಬೆಂಚಿನಲ್ಲಿ ಕುಳಿತ.

ಪದ್ಮಯ್ಯ ಅಡಗಿಸದೆ ಎಲ್ಲ ಹೇಳಿದ. ತಾಯಿ ಮದುವೆ ನಿಶ್ಚಯ ಮಾಡಿದಾಗ ಹುಡುಗಿ ಯಾರು ಎಂದು ಅವನಿಗೆ ಪಕ್ಕದ ಮನೆಯವರಿಂದ ತಿಳಿದದ್ದು. ಅಂದೇ ಸಿಲೋನಿಗೆ ಓಡಿಹೋಗುವ ನಿರ್ಧಾರ ಮಾಡಿದ್ದ. ದ್ವೀಪದ ಸುತ್ತ ನಡೆಯೋಣ ಎಂದದ್ದು ದೋಣಿಯವರ ಪರಿಚಯ ಮಾಡಿಕೊಳ್ಳಲು. ಆ ಬೆಳಗ್ಗೆ ಒಂದು ಬಲೆದೋಣಿಯಲ್ಲಿ, ಒದ್ದೆ ಬಲೆಯ ಅಡಿಯಲ್ಲಿ ಮಲಗಿ ದಾಟಿದ. ಕೊಲಂಬೋದ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವುದರಿಂದ ಹಿಡಿದು ದೋಸೆ ಕಲ್ಲಿನ ವರೆಗೆ ಕೆಲಸ ಮಾಡಿದ. ಈಗ ಎರಡು ಸರಕಾರಗಳೂ ಸೇರಿ, ಯಾರು ಆ ದೇಶದವರು ಯಾರು ಈ ದೇಶದವರು ಎಂದು ವಿಂಗಡಿಸತೊಡಗಿದ್ದವು. ಕಾಗದಪತ್ರವಿಲ್ಲದ ಪದ್ಮಯ್ಯನನ್ನು ಹಡಗು ಹತ್ತಿಸಿ ಕಳಿಸಿದ್ದರು.

"ಬಟ್ಟೆ ಯಾಕೆ ಬಿಟ್ಟು ಹೋದಿ?"

"ನಾನು ಸತ್ತೆ ಅಂತ ತಿಳ್ಕೊಳ್ತೀರಿ, ಅಷ್ಟಕ್ಕೆ ಮುಗೀತದೆ ಅಂತ ಎಣಿಸಿದೆ. ಕೊಂದರು ಅಂತ ಹೇಳ್ತಾರೆ ಅಂತ ಎಣಿಸ್ಲಿಲ್ಲ. ಬಸ್ಸಿನಲ್ಲಿ ಪಕ್ಕದವರು ನಿನ್ನ ಹೋಟೆಲಿನ ಕಥೆ ಹೇಳಿದಾಗ ಗೊತ್ತಾದದ್ದು."

ಸುಬ್ಬಯ್ಯ ಎದ್ದು ಅವನ ಕೆನ್ನೆಗೆ ಒಂದು ಹೊಡೆದ. ಆಮೇಲೆ ಚಾ ತಂದುಕೊಟ್ಟ. ಪದ್ಮಯ್ಯ ಎರಡನ್ನೂ ಮಾತಿಲ್ಲದೆ ತೆಗೆದುಕೊಂಡ.

ಅದೇ ಸಂಜೆ ಇಬ್ಬರೂ ಬೆಳುವಾಯಿಗೆ ಹೋದರು. ಅಮ್ಮಣ್ಣಿಗೆ ಆಗ ತುಂಬ ವಯಸ್ಸಾಗಿತ್ತು, ಕಣ್ಣು ಮಾತ್ರ ಚುರುಕು. ಜಗಲಿಯಲ್ಲಿ ನಿಂತ ಮಗನನ್ನು ಬಹಳ ಹೊತ್ತು ನೋಡಿದಳು.

"ನನ್ನ ಮಗನ ಬೊಜ್ಜ ಆಗಿದೆ" ಎಂದಳು. "ಊರಿಗೆಲ್ಲ ಊಟ ಹಾಕಿದ್ದೇನೆ. ಇವನನ್ನು ಎಲ್ಲಿಂದ ಹಿಡಿದುಕೊಂಡು ಬಂದಿ, ಸುಬ್ಬಯ್ಯ? ನಿನ್ನ ಹೆಸರು ತೊಳೀಲಿಕ್ಕಾ?"

"ಅಮ್ಮ, ನಾನೇ" ಎಂದ ಪದ್ಮಯ್ಯ.

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪದ್ಮಯ್ಯ ಹೋಟೆಲಿನಲ್ಲೇ ಉಳಿದ. ಸುಮ್ಮನೆ ಕೂರಲಾರದೆ ದೋಸೆ ಕಲ್ಲಿನ ಎದುರು ನಿಂತ. ಸತ್ತವನು ದೋಸೆ ಹೊಯ್ಯುತ್ತಾನೆಂಬ ಸುದ್ದಿ ಹಬ್ಬಿ, ಕಾರ್ಕಳದಿಂದಲೂ ಬಂಟ್ವಾಳದಿಂದಲೂ ಜನ ನೋಡಲು ಬಂದರು. ಬೆಂಚುಗಳು ಸಾಲದೆ ಹೊರಗೆ ಹಲಗೆ ಹಾಕಬೇಕಾಯಿತು. ತನ್ನನ್ನು ಕೊಲೆಗಾರನೆಂದವರೇ ತುಂಬಿಕೊಂಡು ತಿನ್ನುವುದನ್ನು ಸುಬ್ಬಯ್ಯ ಗಲ್ಲೆಯಿಂದ ನೋಡುತ್ತಿದ್ದ. ಒಬ್ಬರೂ ತಪ್ಪಾಯಿತು ಎನ್ನಲಿಲ್ಲ. ಎಲ್ಲರೂ "ನನಗೆ ಆಗಲೇ ಗೊತ್ತಿತ್ತು" ಎಂದರು.

ಭೋಜ ಒಂದು ದಿನ ಬಂದ. ಪದ್ಮಯ್ಯನನ್ನು ನೋಡಿದವನೇ ನಗತೊಡಗಿದ. ನಗುತ್ತ ನಗುತ್ತ ಕಣ್ಣಿನಲ್ಲಿ ನೀರು ಬಂತು. "ಅಲ್ಲ ಮಾರಾಯ, ನೀನಾ!" ಎಂದು ಅವನ ಬೆನ್ನಿಗೆ ಗುದ್ದಿದ. ದೋಸೆ ತಿಂದು, ಕೈ ತೊಳೆದು, ಗಲ್ಲೆಯ ಎದುರು ಬಂದು ನಿಂತ. ಸುಬ್ಬಯ್ಯ ತಲೆ ಎತ್ತಲಿಲ್ಲ.

"ಅವತ್ತು ನಾನು ಕೇಳಿದ್ದು ಸತ್ಯ, ಭಾವ" ಎಂದ ಸುಬ್ಬಯ್ಯ. "ದಾರಿಯಲ್ಲಿ ಕೇಳಿದ್ದೆ. ಆದ್ರೆ ನೀನು ಹೇಳುವ ತನಕ ಕಾಯ್ಲಿಕ್ಕೆ ನನಗೆ ಆಗ್ಲಿಲ್ಲ."

"ಕುಸುಮಳಿಗೆ ಹೇಳುವ ಧೈರ್ಯ ನನಗೆ ಬಂದದ್ದು ಆ ಮರ್ಯಾದೆ ಹೋದ ಮೇಲೆಯೇ" ಎಂದ ಭೋಜ. "ಅದಕ್ಕೆ ನಿನಗೆ ಉಪಕಾರ ಹೇಳಬೇಕಾ, ಬಯ್ಯಬೇಕಾ, ಇಷ್ಟು ವರ್ಷ ಆದ್ರೂ ಗೊತ್ತಾಗ್ಲಿಲ್ಲ."

ಮಳೆಗಾಲದ ಆರಂಭದಲ್ಲಿ ಅಮ್ಮಣ್ಣಿ ಕೋಲೂರಿಕೊಂಡು ಬಸ್ಸಿನಿಂದ ಇಳಿದಳು. ಹೋಟೆಲಿನಲ್ಲಿದ್ದವರು ಸರಿದು ಬೆಂಚು ಬಿಟ್ಟುಕೊಟ್ಟರು. ಆಕೆ ಕುಳಿತು, ಪದ್ಮಯ್ಯ ತಂದಿಟ್ಟ ದೋಸೆಯನ್ನು ಚೂರು ಚೂರೇ ಮುರಿದು ತಿಂದಳು. ಅವನ ಮುಖ ನೋಡಲಿಲ್ಲ. ಎದ್ದು ಸುಬ್ಬಯ್ಯನಿಗೆ ಹೇಳಿದಳು:

"ಅವನಿಗೆ ಹೇಳು, ಮನೆಯಲ್ಲಿ ಕೋಣೆ ಖಾಲಿ ಉಂಟು. ಮದುವೆ ಮಾತು ನಾನು ಎತ್ತುವುದಿಲ್ಲ."

"ಹೇಳ್ತೇನೆ ಅಕ್ಕ."

"ನಿನ್ನ ಮೇಲೆ ನನಗೆ ಸಂಶಯ ಇತ್ತು."

"ಗೊತ್ತುಂಟು."

"ಈಗಲೂ ಸ್ವಲ್ಪ ಉಂಟು. ಅವ ಆಚೆ ಹೋಗುವುದು ನಿನಗೆ ಮೊದಲೇ ಗೊತ್ತಿತ್ತು ಅಂತ."

ಆಕೆಯ ಜಾಗದಲ್ಲಿ ತಾನಿದ್ದರೂ ಅದನ್ನೇ ಎಣಿಸುತ್ತಿದ್ದೆ ಎಂದು ಸುಬ್ಬಯ್ಯನಿಗೆ ಅನ್ನಿಸಿತು. ಆಕೆಯ ಕೈ ಹಿಡಿದು ರಸ್ತೆ ದಾಟಿಸಿ ಬಸ್ಸಿಗೆ ಹತ್ತಿಸಿದ. ಪದ್ಮಯ್ಯ ತಗಡಿನ ಪೆಟ್ಟಿಗೆ ಹಿಡಿದುಕೊಂಡು ಹಿಂದಿನಿಂದ ಬಂದು ತಾಯಿಯ ಪಕ್ಕದ ಸೀಟಿನಲ್ಲಿ ಕುಳಿತ. ಆಮೇಲೆ ದಿನವೂ ಬೆಳಗ್ಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಮನೆಗೆ ಹೋಗುತ್ತಿದ್ದ.

ಆ ವರ್ಷದ ಚೌತಿಗೆ ಸುಬ್ಬಯ್ಯ ತಾನೇ ಬಂಟ್ವಾಳಕ್ಕೆ ಹೋಗಿ ತಂಗಿಯನ್ನೂ ಭಾವನನ್ನೂ ಮನೆಗೆ ಕರೆದ. ಇಬ್ಬರೂ ಜೊತೆಯಾಗಿ ಬಂದರು. ಭೋಜ ಅಂಗಳದಲ್ಲಿ ಒಂದು ಗಳಿಗೆ ನಿಂತು, ಕಾಲಿಗೆ ನೀರು ಹಾಕಿಕೊಂಡು, ಮೆಟ್ಟಿಲು ಹತ್ತಿ ಒಳಗೆ ಬಂದ.